ಗೇಟಿಲ್ಲದ ಕಾರ್ಖಾನೆ

ಸಂಜೆಯ ಸೈರನ್ ಕೂಗಿದ ಮೇಲೆ ಪೀಣ್ಯದ ಆ ಹಿತ್ತಾಳೆ ವಾಲ್ವ್ ಕಾರ್ಖಾನೆಯ ಗೇಟಿನಲ್ಲಿ ಎರಡು ಸಾಲು ನಿಂತವು. ಒಂದು ಗಂಡಸರದು, ಒಂದು ಹೆಂಗಸರದು. ಹೆಂಗಸರ ಸಾಲು ಚಿಕ್ಕದು. ಪ್ಯಾಕಿಂಗ್ ವಿಭಾಗದವರು, ಆಫೀಸಿನ ಟೈಪಿಸ್ಟು, ಕೊನೆಯಲ್ಲಿ ದವಾಖಾನೆಯ ನರ್ಸ್ ಅಂಜನಮ್ಮ. ವಾಚ್‌ಮನ್ ನರಸಿಂಹಯ್ಯ ಒಬ್ಬೊಬ್ಬರ ಚೀಲಕ್ಕೂ ಕೈಹಾಕಿ ನೋಡಿ ಬಿಡುತ್ತಿದ್ದ. ಬೇರೆ ಹೆಂಗಸರ ಊಟದ ಡಬ್ಬಿಯನ್ನು ಅಲುಗಿಸಿ, ಸದ್ದು ಕೇಳಿ ವಾಪಸು ಕೊಡುತ್ತಿದ್ದ. ಅಂಜನಮ್ಮನ ಡಬ್ಬಿಯನ್ನು ಮಾತ್ರ ಮುಚ್ಚಳ ತೆಗೆದು ನೋಡಿದ. ಅವಳು ಅವನ ಹೆಂಡತಿ.

"ಅಣ್ಣ, ಖಾಲಿ ಡಬ್ಬೀಲಿ ಏನ್ ಹುಡುಕ್ತೀಯ? ಮನೇಲಿ ಅದನ್ನ ತೊಳೆಯೋನು ನೀನೇ ಅಂತೆ," ಎಂದು ಗಂಡಸರ ಸಾಲಿನಿಂದ ಒಬ್ಬ ಕೇಳಿದ.

"ತೊಳೆಯೋನಿಗೇ ಗೊತ್ತು ಕಣೋ, ತಳದಲ್ಲಿ ಏನೈತೆ ಅಂತ. ನಿನ್ ಚೀಲ ತಗಿ ಮೊದ್ಲು," ಎಂದ ನರಸಿಂಹಯ್ಯ.

ಸಾಲು ನಕ್ಕಿತು. ಅಂಜನಮ್ಮ ಡಬ್ಬಿಯ ಮುಚ್ಚಳ ಹಾಕಿಕೊಂಡು ಹೊರಗೆ ಬಂದು, ರಸ್ತೆಯ ಆಚೆ ಬದಿಯ ಹೊಂಗೆ ಮರದ ಕೆಳಗೆ ಅವನಿಗಾಗಿ ಕಾದಳು. ಅವನ ಪಾಳಿ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ರಾಜಗೋಪಾಲನಗರದ ಮನೆಯ ಕಡೆ ನಡೆದರು.

ಅದು ಸಾವಿರದ ಒಂಬೈನೂರ ಎಂಬತ್ತೇಳರ ಏಪ್ರಿಲ್. ಹೆಂಡತಿಯ ಡಬ್ಬಿಯನ್ನೂ ತೆರೆದು ನೋಡುವ ಅಭ್ಯಾಸ ನರಸಿಂಹಯ್ಯನಿಗೆ ಬಂದದ್ದು ಆ ವರ್ಷದ ಜನವರಿಯಲ್ಲಿ. ಹೊಟ್ಟೆನೋವು ಎಂದು ಹೊಟ್ಟೆ ಹಿಡಿದುಕೊಂಡು ಬಂದ ಕೆಲಸಗಾರನೊಬ್ಬನನ್ನು ಅವನು ಪಾಸ್ ಇಲ್ಲದೆ ಹೊರಗೆ ಬಿಟ್ಟಿದ್ದ. ಆತನ ಸೊಂಟದಲ್ಲಿ ಹಿತ್ತಾಳೆಯ ತುಂಡುಗಳಿದ್ದವು. ಗುಜರಿ ಅಂಗಡಿಯಲ್ಲಿ ಆತ ಸಿಕ್ಕಿಬಿದ್ದ. ಆಫೀಸಿನವರು ನರಸಿಂಹಯ್ಯನನ್ನು ಕರೆದು, ಇನ್ನೊಂದು ಸಲ ಹೀಗಾದರೆ ಗೇಟಿನ ಆಚೆಯೇ ಇರಬೇಕಾಗುತ್ತದೆ ಎಂದಿದ್ದರು. ಪಾಳಿಯ ಹೊತ್ತಿನಲ್ಲಿ ಯಾವ ಕೆಲಸಗಾರನೂ ಡಾಕ್ಟರ ಇಲ್ಲವೇ ಪಾಳಿಯ ಇನ್‌ಚಾರ್ಜ್‌ನ ಸಹಿ ಇರುವ ಪಾಸ್ ಇಲ್ಲದೆ ಗೇಟು ದಾಟುವಂತಿಲ್ಲ ಎನ್ನುವುದು ಅಲ್ಲಿಯ ನಿಯಮ. ಪೀಣ್ಯದ ಬಹುಪಾಲು ಕಾರ್ಖಾನೆಗಳಲ್ಲಿ ಇಂಥದೇ ನಿಯಮವಿತ್ತು.

ಗೇಟಿನ ಆಚೆ ನರಸಿಂಹಯ್ಯನಿಗೆ ಬೇರೇನೂ ಇರಲಿಲ್ಲ. ಅವನದು ಹೆಗ್ಗನಹಳ್ಳಿಯ ಹಳೆಯ ಒಕ್ಕಲು ಮನೆ. ಕಾರ್ಖಾನೆಯ ಎರಕದ ಶೆಡ್ಡು ನಿಂತಿರುವುದು ಅವನ ಅಪ್ಪ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ. ಭೂಮಿ ಹೋದಾಗ ಮನೆಗೊಂದು ಕೆಲಸ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಅವನಿಗೆ ಸಿಕ್ಕಿದ್ದು ಗೇಟು. ಅತ್ತಿಬೆಲೆಯ ಅಂಜನಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ನರ್ಸಿನ ತರಬೇತಿ ಪಡೆದವಳು. ಮದುವೆಯಾಗಿ ಬಂದ ಮೇಲೆ ಅದೇ ಕಾರ್ಖಾನೆಯ ದವಾಖಾನೆಗೆ ಸೇರಿದಳು. ದವಾಖಾನೆ ಎಂದರೆ ಒಂದು ಕೋಣೆ, ಒಂದು ಮಂಚ, ಸಿರಿಂಜು ಕುದಿಸುವ ಪಾತ್ರೆ, ಒಂದು ಫೋನು. ಡಾ. ನಾಗಭೂಷಣ ಮೂರು ಕಾರ್ಖಾನೆಗಳನ್ನು ನೋಡಿಕೊಳ್ಳುತ್ತಿದ್ದರು. ಈ ಕಾರ್ಖಾನೆಗೆ ಬರುವುದು ಮಧ್ಯಾಹ್ನದ ಮೇಲೆ.

ಫೆಬ್ರವರಿಯಲ್ಲಿ ಒಂದು ದಿನ, ಡಾಕ್ಟರು ಬರುವ ಹೊತ್ತಿಗಿಂತ ಬಹಳ ಮೊದಲು, ಎರಕದ ವಿಭಾಗದ ಚಿಕ್ಕಬೈರಪ್ಪನ ಹೊಟ್ಟೆಗೆ ಸರಪಳಿ ಜಾರಿದ ಅಚ್ಚಿನ ಪೆಟ್ಟಿಗೆ ಬಡಿಯಿತು. ಮೈಮೇಲೆ ಗಾಯವಿರಲಿಲ್ಲ. ಇನ್ನೊಬ್ಬನ ಹೆಗಲ ಮೇಲೆ ಕೈಹಾಕಿಕೊಂಡು ನಡೆದೇ ದವಾಖಾನೆಗೆ ಬಂದ. "ಏನೂ ಆಗಿಲ್ಲ ಸಿಸ್ಟರ್, ಒಂದ್ ಲೋಟ ನೀರ್ ಕೊಡಿ," ಎಂದ. ಅಂಜನಮ್ಮ ನೀರು ಕೊಡಲಿಲ್ಲ. ನಾಡಿ ಹಿಡಿದಳು, ಹೊಟ್ಟೆ ಮುಟ್ಟಿದಳು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತಿತ್ತು. ಒಳಗೆ ರಕ್ತ ಸೋರುತ್ತಿದೆ ಎಂದು ಅವಳಿಗೆ ತಿಳಿಯಿತು. ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದಳು. ಕಾಂಪೌಂಡರ್ "ಬರ್ತಾರೆ" ಎಂದ. ಅವಳು ಚಿಕ್ಕಬೈರಪ್ಪನನ್ನು ಕಾರ್ಖಾನೆಯ ಟೆಂಪೋದಲ್ಲಿ ಮಲಗಿಸಿಕೊಂಡು ಗೇಟಿಗೆ ಬಂದಳು.

ಗೇಟು ಹಾಕಿತ್ತು. ನರಸಿಂಹಯ್ಯ ಟೆಂಪೋದೊಳಗೆ ಬಗ್ಗಿ ನೋಡಿ, "ಪಾಸು?" ಎಂದ.

"ಡಾಕ್ಟ್ರು ಬಂದಿಲ್ಲ."

"ಇನ್‌ಚಾರ್ಜ್ ಸೈನ್ ಆದ್ರೂ ತತ್ತಾ."

ಇನ್‌ಚಾರ್ಜ್ ಊಟಕ್ಕೆ ದಾಸರಹಳ್ಳಿಗೆ ಹೋಗಿದ್ದ. ಅಂಜನಮ್ಮ ಒಳಗೆ ಓಡಿದಳು, ಮತ್ತೆ ಕ್ಲಿನಿಕ್ಕಿಗೆ ಫೋನು ಮಾಡಿದಳು, ಇನ್‌ಚಾರ್ಜ್‌ನನ್ನು ಕರೆತರಲು ಸೈಕಲ್ಲಿನಲ್ಲಿ ಒಬ್ಬನನ್ನು ಅಟ್ಟಿದಳು. ಇನ್‌ಚಾರ್ಜ್ ಬಂದು ಸಹಿ ಹಾಕಿದ. ಗೇಟು ತೆರೆಯಿತು. ಟೆಂಪೋ ಯಶವಂತಪುರ ದಾಟುವ ಮೊದಲೇ ಚಿಕ್ಕಬೈರಪ್ಪನ ಉಸಿರು ನಿಂತಿತು.

ಕಾರ್ಖಾನೆ ಒಳವಿಚಾರಣೆ ನಡೆಸುವುದಾಗಿ ಹೇಳಿತು. ಆಪಾದನೆ ಅಂಜನಮ್ಮನ ಮೇಲೆ ಮಾತ್ರ: ಪೆಟ್ಟಿನ ತೀವ್ರತೆ ಗುರುತಿಸಲಿಲ್ಲ, ಸಕಾಲಕ್ಕೆ ಆಸ್ಪತ್ರೆಗೆ ಕಳಿಸಲಿಲ್ಲ. ಟೆಂಪೋ ಗೇಟಿನಲ್ಲಿ ನಿಂತದ್ದನ್ನು ಯಾರೂ ಹೇಳಿರಲಿಲ್ಲ. ಹೇಳಿದರೆ ಇನ್‌ಚಾರ್ಜ್ ಊಟಕ್ಕೆ ಹೊರಗೆ ಹೋದದ್ದೂ ಬಯಲಾಗುತ್ತಿತ್ತು. ಟೆಂಪೋ ಓಡಿಸಿದವನು ದಿನಗೂಲಿಯವನು. ತನ್ನನ್ನು ಕೇಳದ ಮಾತಿಗೆ ಅವನು ಉತ್ತರ ಕೊಡುವವನಲ್ಲ. ಹೇಳಬೇಕಾದವಳು ಅಂಜನಮ್ಮ. ಹೇಳಿದರೆ, ಸಾಯುವವನನ್ನು ತಡೆದವನೆಂದು ಗಂಡನ ಕೆಲಸ ಹೋಗುತ್ತಿತ್ತು. ಹೇಳದಿದ್ದರೆ ಅವಳದು.

ಈ ಬಗ್ಗೆ ಮನೆಯಲ್ಲಿ ಒಂದೇ ಸಲ ಮಾತಾಗಿತ್ತು.

"ನಿಂಗೆ ಸರ್ಟಿಫಿಕೇಟ್ ಐತೆ. ಎಲ್ಲಾದ್ರೂ ಸೇರ್ಕಂತೀಯ. ನಂಗೇನೈತೆ ಆ ಗೇಟ್ ಬಿಟ್ರೆ? ಗೇಟಿನ್ ಮಾತು ಎತ್ತಬ್ಯಾಡ ಕಣಮ್ಮಿ," ಎಂದಿದ್ದ ನರಸಿಂಹಯ್ಯ.

"ಆಳು ಸಾಯ್ಸಿದ್ಲು ಅಂತ ಕಳ್ಸಿದ ನರ್ಸನ್ನ ಯಾವ ಫ್ಯಾಕ್ಟ್ರಿಯೋರು ಸೇರಿಸ್ಕೋತಾರೆ?" ಎಂದು ಅವಳು ಕೇಳಿದ್ದಳು. ಅವನು ಎದ್ದು ಹೊರಗೆ ಹೋಗಿದ್ದ. ಅವಳೂ ಅಲ್ಲಿಗೇ ನಿಲ್ಲಿಸಿದ್ದಳು.

ವಿಚಾರಣೆಗೆ ಇನ್ನು ಕೆಲವು ದಿನವಿದೆ ಎನ್ನುವಾಗ ಡಾ. ನಾಗಭೂಷಣ ದವಾಖಾನೆಯಲ್ಲಿ ಸ್ಟೆತಾಸ್ಕೋಪು ಮಡಿಸಿಡುತ್ತ, "ನೋಡಮ್ಮ, ಎಲೆಕ್ಟ್ರಾನಿಕ್ ಸಿಟೀಲಿ ಕಂಪ್ಯೂಟರಲ್ಲಿ ನರ್ಸ್‌ಗಳಿಗೆ ಪಾಠ ಮಾಡ್ತಿದಾರೆ. ಪಾಠಕ್ಕೆ ರೋಗಿಯ ಕೇಸ್ ಕೊಟ್ಟೋನು ನಾನೇ. ನೀನೂ ಹೋಗಿ ಬಾ. ಹೆಂಗ್ ಮಾಡಿದೀಯ ಅಂತ ನಾನು ವಿಚಾರಣೇಲಿ ಹೇಳ್ತೀನಿ, ನಿಂಗೇ ಒಳ್ಳೇದು," ಎಂದರು.

ಬುಧವಾರ ನಾಲ್ಕು ಕಾರ್ಖಾನೆಗಳ ನಾಲ್ವರು ನರ್ಸ್‌ಗಳನ್ನು ಒಂದು ಮೆಟಡೋರ್ ವ್ಯಾನಿನಲ್ಲಿ ಕೂರಿಸಿಕೊಂಡು ಹೋದರು. ಮೆಜೆಸ್ಟಿಕ್ ದಾಟಿ, ಮಡಿವಾಳ ದಾಟಿ, ಹೊಸೂರು ರಸ್ತೆಯಲ್ಲಿ ನೀಲಗಿರಿ ತೋಪುಗಳ ನಡುವೆ ವ್ಯಾನು ಓಡಿತು. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಅಂಜನಮ್ಮನ ತವರು. ಪಕ್ಕದಲ್ಲಿ ಕುಳಿತ ಭಾಗ್ಯಮ್ಮ ಬಣ್ಣದ ಕಾರ್ಖಾನೆಯೊಂದರ ನರ್ಸು, ಐವತ್ತು ದಾಟಿದವಳು. "ಇಳಿದು ಅಮ್ಮನ ಮನೇಗ್ ಓಡೋಗ್ಬಿಡು. ನಿನ್ ಬದ್ಲು ನಾನೇ ಎರಡ್ ಸಲ ಕಂಪ್ಯೂಟರ್ ಗುಂಡಿ ಒತ್ತುತೀನಿ," ಎಂದಳು.

ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಕಿಟಕಿಗಳಿಗೆ ದಪ್ಪ ಪರದೆ, ಒಳಗೆ ಹವಾನಿಯಂತ್ರಣದ ಚಳಿ. ನಾಲ್ವರೂ ಸೆರಗು ಹೊದ್ದುಕೊಂಡರು. ಪಾಠ ಬರೆದ ಎಂಜಿನಿಯರ್ ಪ್ರಹ್ಲಾದರಾವ್ ಇನ್ನೂ ಮೂವತ್ತು ತುಂಬದವನು. ಕಂಪ್ಯೂಟರಿನ ಪರದೆಯ ಮೇಲಿನ ಹಸಿರು ಅಕ್ಷರಗಳು ಇಂಗ್ಲಿಷಿನವು. ಅವನು ಅವುಗಳನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಕೀಲಿಮಣೆಯ ಮೇಲೆ ರಟ್ಟಿನ ಪಟ್ಟಿ ಅಂಟಿಸಿ ಕೈಬರಹದಲ್ಲಿ ಬರೆದಿದ್ದ: ಒಂದು, ನಾಡಿ ನೋಡು. ಎರಡು, ಪಟ್ಟಿ ಕಟ್ಟು. ಮೂರು, ನೀರು ಕೊಡು. ನಾಲ್ಕು, ಡಾಕ್ಟರಿಗೆ ತಿಳಿಸು. ಐದು, ಆಸ್ಪತ್ರೆಗೆ ಕಳಿಸು.

"ಒಂದ್ಸಲ ಕೀ ಒತ್ತಿದ್ರೆ ರೋಗಿಗೆ ಐದು ನಿಮಿಷ ಕಳೀತು ಅಂತ ಅರ್ಥ. ನಾಡಿ, ಬಿಪಿ ಬದಲಾಗುತ್ತೆ. ನೀವು ಮಾಡಿದ ಹಾಗೆ ಅವನು ಆಗ್ತಾನೆ. ಮುಗಿದ ಮೇಲೆ ಪಾಠ ಹೇಗಿತ್ತು, ಏನು ಸರಿಯಿಲ್ಲ ಅಂತ ನನಗೆ ಹೇಳ್ಬೇಕು. ನೀವು ಹೇಳಿದ ಮೇಲೆ ತಿದ್ದುತೀನಿ, ಆಮೇಲೇ ಬೇರೆಯವರಿಗೆ ಕೊಡೋದು," ಎಂದು ಅವನು ವಿವರಿಸಿದ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಡಾ. ನಾಗಭೂಷಣ ಕುಳಿತಿದ್ದರು.

ಮೊದಲು ಭಾಗ್ಯಮ್ಮ ಕುಳಿತಳು. ಪ್ರಹ್ಲಾದರಾವ್ ಓದಿದ: "ಗಂಡಸು. ವಯಸ್ಸು ಮೂವತ್ತೆಂಟು. ಭಾರದ ಪೆಟ್ಟಿಗೆ ಹೊಟ್ಟೆಗೆ ಬಡಿದಿದೆ. ಹೊರಗೆ ಗಾಯವಿಲ್ಲ. ಏನೂ ಆಗಿಲ್ಲ ಅಂತಾನೆ. ನೀರು ಕೇಳ್ತಿದಾನೆ."

ಹಿಂದೆ ನಿಂತಿದ್ದ ಅಂಜನಮ್ಮ ಡಾಕ್ಟರ ಕಡೆ ನೋಡಿದಳು. ಡಾಕ್ಟರು ಪರದೆ ನೋಡುತ್ತಿದ್ದರು.

ಭಾಗ್ಯಮ್ಮ ಒಂದು ಒತ್ತಿದಳು, ಆಮೇಲೆ ನಾಲ್ಕು. ಡಾಕ್ಟರಿಗೆ ತಿಳಿಸಲಾಗಿದೆ ಎಂದು ಪರದೆ ಹೇಳಿತು. ನಾಡಿ ಏರಿತು. ಮತ್ತೆ ನಾಲ್ಕು. ಬಿಪಿ ಇಳಿಯಿತು. ಮತ್ತೆ ನಾಲ್ಕು. ಯಂತ್ರ ಒಂದು ಸಲ ಕೀರಲು ಸದ್ದು ಮಾಡಿತು.

"ಸತ್ತ," ಎಂದ ಪ್ರಹ್ಲಾದರಾವ್. "ಯಾವುದಾದ್ರೂ ಕೀ ಒತ್ತಿ. ಮತ್ತೆ ಮೊದಲಿಂದ ಬರ್ತಾನೆ."

"ಬರ್ಲಿ ಪಾಪ. ನಮ್ ಕಡೆ ಒಂದ್ಸಲ ಹೋದೋನು ವಾಪಸ್ ಬರಲ್ಲ," ಎಂದಳು ಭಾಗ್ಯಮ್ಮ.

ಎರಡನೆಯವಳೂ ನಾಲ್ಕು ಒತ್ತಿ ಕಾದಳು, ಮೂರನೆಯವಳೂ ಹಾಗೆಯೇ. ಪ್ರಹ್ಲಾದರಾವ್ ಡಾಕ್ಟರ ಕಡೆ ತಿರುಗಿ, "ಹೋದ ವಾರ ಬಂದವರೂ ಇದನ್ನೇ ಮಾಡಿದ್ರು ಸಾರ್. ಐದರ ಮೇಲೆ ಯಾರೂ ಬೆರಳೇ ಇಡಲ್ಲ. ಯಾಕೆ ಅಂತ ಕೇಳಿದ್ರೆ ಕಲೀತೀವಿ ಸಾರ್ ಅಂತಾರೆ," ಎಂದ.

"ಟ್ರೇನಿಂಗ್ ಸಾಲದು, ಅಷ್ಟೆ," ಎಂದರು ಡಾಕ್ಟರು.

ಅಂಜನಮ್ಮನ ಸರದಿ ಬಂತು. ಕುರ್ಚಿ ತಣ್ಣಗಿತ್ತು. ಪರದೆಯ ಮೇಲೆ ಅದೇ ಗಂಡಸು, ಅದೇ ಪೆಟ್ಟು, ಅದೇ ನೀರಿನ ಮಾತು. ಆ ಗಂಡಸು ಯಾರೆಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವಳು ಒಂದನ್ನು ಒತ್ತಿ ನಾಡಿ ನೋಡಿದಳು. ಆಮೇಲೆ ಕೈ ಮಡಿಲಿಗೆ ತಂದುಕೊಂಡಳು. ನಾಲ್ಕು ಒತ್ತಿ ಕಾದರೆ ಅವಳು ಏನೂ ತಿಳಿಯದವಳಾಗುತ್ತಿದ್ದಳು. ಐದು ಒತ್ತಿದರೆ, ತಿಳಿದೂ ಆ ದಿನ ಮಾಡದವಳಾಗುತ್ತಿದ್ದಳು. ಯಾವುದನ್ನು ಒತ್ತಿದರೂ ಅದು ಡಾಕ್ಟರ ಬಾಯಲ್ಲಿ ವಿಚಾರಣೆಗೆ ಹೋಗುತ್ತಿತ್ತು.

"ಸಾರ್, ಇದರಿಂದ ಎದ್ದು ಬರೋದು ಹೆಂಗೆ?" ಎಂದು ಕೇಳಿದಳು.

"ರೋಗಿ ಉಳಿದ್ರೂ ಮುಗಿಯುತ್ತೆ, ಸತ್ರೂ ಮುಗಿಯುತ್ತೆ. ಮಧ್ಯದಲ್ಲಿ ಬಿಡೋಕೆ ಕೀ ಇಟ್ಟಿಲ್ಲ ಸಿಸ್ಟರ್," ಎಂದ ಪ್ರಹ್ಲಾದರಾವ್.

ಅವಳು ಐದು ಒತ್ತಿದಳು.

ಪರದೆ ಒಂದು ಕ್ಷಣ ಖಾಲಿಯಾಯಿತು. ರೋಗಿ ಆಸ್ಪತ್ರೆ ತಲುಪಿದ್ದಾನೆ, ಶಸ್ತ್ರಚಿಕಿತ್ಸೆ ನಡೆದಿದೆ, ಬದುಕಿದ್ದಾನೆ ಎಂದು ಅಕ್ಷರಗಳು ಮೂಡಿದವು. ಪ್ರಹ್ಲಾದರಾವ್ ಚಪ್ಪಾಳೆ ತಟ್ಟಿದ. ಇಷ್ಟು ದಿನಗಳಲ್ಲಿ ಆ ರೋಗಿ ಬದುಕಿದ್ದು ಅದೇ ಮೊದಲು.

"ನೋಡಿ," ಎಂದರು ಡಾ. ನಾಗಭೂಷಣ, ಉಳಿದವರ ಕಡೆ ತಿರುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಎಷ್ಟು ಬೇಗ ಒತ್ತಿದ್ಲು ನೋಡಿ. ಗೊತ್ತಿಲ್ದೆ ಇರೋಳಲ್ಲ ಇವಳು. ಆವತ್ತೂ ಇಷ್ಟೇ ಬೇಗ ಮಾಡಿದ್ರೆ ಚಿಕ್ಕಬೈರಪ್ಪ ಇವತ್ತು ಡ್ಯೂಟೀಲಿ ಇರ್ತಿದ್ದ."

ಆ ಹೆಸರು ಪ್ರಹ್ಲಾದರಾವ್‌ಗೆ ಹೊಸದು. ಅವನು ನಿಯಮದಂತೆ ತನ್ನ ಪ್ರಶ್ನೆ ಕೇಳಿದ: ಪಾಠ ಹೇಗಿತ್ತು? ಮೂವರೂ ಒಬ್ಬರ ಹಿಂದೆ ಒಬ್ಬರು, ಚೆನ್ನಾಗಿದೆ ಸಾರ್, ತುಂಬ ಉಪಯೋಗ ಆಯ್ತು ಸಾರ್ ಎಂದರು. ಡಾಕ್ಟರು ಬರೆಸಿದ ಪಾಠ ಚೆನ್ನಾಗಿಲ್ಲ ಎಂದು ಡಾಕ್ಟರ ಎದುರಿಗೆ ಹೇಳುವುದು ಯಾವ ಕಾರ್ಖಾನೆಯ ನರ್ಸಿಗೂ ರೂಢಿಯಿರಲಿಲ್ಲ. ಅವನು ಅಂಜನಮ್ಮನನ್ನು ನೋಡಿದ.

ಅವಳು ಚೆನ್ನಾಗಿದೆ ಎಂದು ಎದ್ದು ಬರುವ ಯೋಚನೆಯಲ್ಲೇ ಇದ್ದಳು. ಬೆಳಗ್ಗೆ ಗಂಡನಿಗೆ ಕೊಟ್ಟ ಮಾತೂ ಅದೇ. ಆದರೆ ಹೊರಗೆ ಬಂದದ್ದು ಬೇರೆ ಮಾತು.

"ಐದು ಒತ್ತಿದ್ಮೇಲೆ ಸೈನ್ ಯಾರು ಹಾಕ್ತಾರೆ ಸಾರ್?"

"ಯಾವ ಸೈನು?"

"ಪಾಸ್‌ಗೆ. ಇದರಲ್ಲಿ ಗೇಟೇ ಇಲ್ಲ. ಐದು ಒತ್ತಿದ್ರೆ ಸೀದಾ ಆಸ್ಪತ್ರೆಗೆ ಹೋಗ್ಬಿಡ್ತಾನೆ."

ಪ್ರಹ್ಲಾದರಾವ್‌ಗೆ ಅರ್ಥವಾಗಲಿಲ್ಲ. ಈಗ ಭಾಗ್ಯಮ್ಮ ಬಾಯಿ ಬಿಟ್ಟಳು. "ನಮ್ಮಲ್ಲೂ ಅಷ್ಟೇ ಸಾರ್. ಡಾಕ್ಟ್ರು ಸೈನ್ ಇಲ್ದೆ ಆಳನ್ನ ಆಚೆ ಬಿಡಲ್ಲ. ಅದಕ್ಕೇ ಎಲ್ರೂ ನಾಲ್ಕು ಒತ್ತಿ ಕೂತ್ಕೋತೀವಿ. ಡಾಕ್ಟ್ರು ಬಂದ್ರೆ ತಾನೆ ಐದು?" ಉಳಿದಿಬ್ಬರೂ ತಲೆಯಾಡಿಸಿದರು.

ಎಂಜಿನಿಯರನ ಮುಖ ಅರಳಿತು. ಎರಡು ವಾರದಿಂದ ಅವನು ಹುಡುಕುತ್ತಿದ್ದ ಉತ್ತರ ಅದು. "ಇದು ಸರಿಯಾದ ಅಭಿಪ್ರಾಯ ಸಾರ್. ಇದನ್ನ ಸೇರಿಸ್ಲೇಬೇಕು," ಎಂದು ಡಾಕ್ಟರಿಗೆ ಹೇಳಿದ. ಡಾಕ್ಟರು ಬೇಡ ಎನ್ನುತ್ತಾರೆ ಎಂದು ನಾಲ್ವರು ನರ್ಸ್‌ಗಳೂ ಎಣಿಸಿದ್ದರು.

ಡಾ. ನಾಗಭೂಷಣ ಕನ್ನಡಕ ತೆಗೆದು ಒರೆಸಿಕೊಂಡರು. "ಸೇರಿಸಿ. ಒಳ್ಳೇ ಮಾತು ಹೇಳಿದ್ಲು," ಎಂದರು. ಆಮೇಲೆ ಅಂಜನಮ್ಮನನ್ನು ಕೇಳಿದರು: "ಹಾಗಾದ್ರೆ ಆವತ್ತು ಗೇಟಲ್ಲಿ ತಡೆದ್ರು ಅನ್ನು."

ಅವಳು ಕೀಲಿಮಣೆಯ ರಟ್ಟಿನ ಪಟ್ಟಿಯ ಕಡೆ ನೋಡಿದಳು.

"ಬರ್ಕೊಳ್ಳಿ ಪ್ರಹ್ಲಾದ್. ಐದು ಒತ್ತಿದ್ಮೇಲೆ, ವಾಚ್‌ಮನ್ ಗಾಡಿ ತಡೀತಾನೆ. ತಡೆದದ್ದು ವಾಚ್‌ಮನ್ ತಪ್ಪು. ಪ್ರಾಣಾಪಾಯ ಅಂದ್ರೆ ಗೇಟ್ ತೆಗೀಬೇಕು ಅಂತ ಅವನಿಗೂ ಒಂದು ಪಾಠ ಆಗಲಿ."

"ವಾಚ್‌ಮನ್ ತಪ್ಪಲ್ಲ ಸಾರ್," ಎಂದಳು ಅಂಜನಮ್ಮ. "ಅವ್ರು ಪಾಸ್ ಇಲ್ದೆ ಬಿಟ್ರೆ ಕೆಲಸ ಹೋಗುತ್ತೆ. ಪಾಸ್‌ಗೆ ಸೈನ್ ಹಾಕ್ಬೇಕಾದೋರು..."

ಅಲ್ಲಿಗೆ ನಿಂತಳು. ಮುಂದಿನ ಪದ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿತ್ತು. ಅವಳ ಕೆಲಸದ ಬಗ್ಗೆ ವಿಚಾರಣೆಯಲ್ಲಿ ಮಾತಾಡಬೇಕಾದವರೂ ಅವರೇ.

"ಹೇಳಮ್ಮ, ಹಾಕ್ಬೇಕಾದೋರು?" ಎಂದರು ಡಾಕ್ಟರು.

"ಏನಿಲ್ಲ ಸಾರ್. ಪಾಠ ಚೆನ್ನಾಗಿದೆ."

ವಾಪಸು ಬರುವಾಗ ಮಡಿವಾಳದವರೆಗೆ ವ್ಯಾನಿನಲ್ಲಿ ಮಾತಿರಲಿಲ್ಲ. ಆಮೇಲೆ ಭಾಗ್ಯಮ್ಮ ಮೆಲ್ಲಗೆ, "ಆವತ್ತು ಗೇಟಲ್ಲಿ ಯಾರಿದ್ರೇ?" ಎಂದಳು. ಅಂಜನಮ್ಮ ಕಿಟಕಿಯ ಕಡೆ ತಿರುಗಿದಳು. ಭಾಗ್ಯಮ್ಮ ಸ್ವಲ್ಪ ಹೊತ್ತು ಅವಳ ಮುಖ ನೋಡಿ, "ಅಯ್ಯೋ ನನ್ ಬಾಯಿಗೆ ಮಣ್ಣು ಹಾಕ," ಎಂದು ತನ್ನ ಚೀಲದಿಂದ ಕಡಲೆಕಾಯಿ ತೆಗೆದು ಅವಳ ಕೈಗೆ ಹಾಕಿದಳು. ಅಂಜನಮ್ಮ ಅದನ್ನು ಮನೆಯವರೆಗೂ ಮುಷ್ಟಿಯಲ್ಲೇ ಹಿಡಿದು ತಂದಳು.

ನರಸಿಂಹಯ್ಯ ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತು ತನ್ನ ಊಟದ ಡಬ್ಬಿಯನ್ನೂ ಆ ದಿನ ಅವಳು ಮನೆಯಲ್ಲೇ ಬಿಟ್ಟಿದ್ದ ಡಬ್ಬಿಯನ್ನೂ ಬೂದಿ ಹಾಕಿ ಉಜ್ಜುತ್ತಿದ್ದ. ಗೇಟಿನಲ್ಲಿ ಆಡುತ್ತಿದ್ದ ತಮಾಷೆ ಸುಳ್ಳಲ್ಲ. ಮೊದಲ ಪಾಳಿ ಇದ್ದ ದಿನ ಅವನೇ ಮೊದಲು ಮನೆಗೆ ಬರುತ್ತಿದ್ದ, ಪಾತ್ರೆ ಅವನ ಪಾಲಿನದು.

"ಹೆಂಗಿತ್ತು ಕಂಪ್ಯೂಟ್ರು?"

"ಬದುಕ್ದ," ಎಂದಳು. ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕುಳಿತು, ಅಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಗೇಟು ಅಂದ್ಯಾ?"

"ಸೈನ್ ಯಾರು ಹಾಕ್ತಾರೆ ಅಂತ ಕೇಳ್ದೆ."

"ಅಂಗಂದ್ರೂ ಇಂಗಂದ್ರೂ ಗೇಟೇ." ಡಬ್ಬಿಗೆ ನೀರು ಹುಯ್ದು ಮಗುಚಿಟ್ಟ. "ಡಾಕ್ಟ್ರ ಎಸ್ರು ಎತ್ತಲಿಲ್ಲ ತಾನೆ?"

"ಇಲ್ಲ. ಬಾಯಿಗೆ ಬಂತು. ಆಗ್ಲಿಲ್ಲ."

"ಸರಿ ಬಿಡು. ಅಲ್ಲಿಗೆ ಇಬ್ರ ಕೆಲ್ಸಾನೂ ಓದಂಗೇ."

ಬೀದಿಯ ಕೊನೆಯಲ್ಲಿ ರಾತ್ರಿ ಪಾಳಿಗೆ ಹೋಗುವವರ ಸೈಕಲ್ಲುಗಳು ದಾಟಿದವು. ಅವನು ಎರಡನೆಯ ಡಬ್ಬಿ ತೆಗೆದುಕೊಂಡ. ಅದು ಅವಳದು. ಮುಚ್ಚಳದ ಅಂಚನ್ನು ಬೆರಳಲ್ಲಿ ತೀಡುತ್ತ, ಅವಳ ಕಡೆ ನೋಡದೆ, "ಆವತ್ತು ನೀನು ಗೇಟ್ ತಗೀರಿ ಅಂತ ಒಂದ್ ಮಾತೂ ಅನ್ನಲಿಲ್ಲ. ನಾನ್ ಪಾಸು ಅಂದೆ, ನೀನ್ ಓಡಿದೆ," ಎಂದ.

ಅಂಜನಮ್ಮ ಇದನ್ನು ಅಷ್ಟು ದಿನ ಯೋಚಿಸಿರಲಿಲ್ಲ. ಪಾಸು ಎಂದರೆ ಓಡುವುದು ಅವಳಿಗೆ ಉಸಿರಾಡಿದಷ್ಟು ರೂಢಿಯಾಗಿತ್ತು.

"ಅಂದಿದ್ರೆ ತಗೀತಿದ್ರಾ?"

ನರಸಿಂಹಯ್ಯ ಅವಳ ಡಬ್ಬಿಗೂ ನೀರು ಹುಯ್ದ.

"ಇಲ್ಲ," ಎಂದ. "ತಗೀತಿರ್ಲಿಲ್ಲ."

ಅವಳು ಮುಷ್ಟಿಯಲ್ಲಿದ್ದ ಕಡಲೆಕಾಯಿಯನ್ನು ಅವನ ಪಕ್ಕದ ಕಲ್ಲಿನ ಮೇಲೆ ಸುರಿದು ಒಲೆ ಹಚ್ಚಲು ಒಳಗೆ ಹೋದಳು.

ಗುರುವಾರ ಸಂಜೆ ಗೇಟಿನಲ್ಲಿ ಅವನು ಎಂದಿನಂತೆ ಅವಳ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಗಂಡಸರ ಸಾಲಿನಿಂದ ಯಾರೂ ಏನೂ ಹೇಳಲಿಲ್ಲ. ಸುದ್ದಿ ಅಷ್ಟು ಹೊತ್ತಿಗೆ ಎರಕದ ಶೆಡ್ಡಿನವರೆಗೂ ಮುಟ್ಟಿತ್ತು. ಶುಕ್ರವಾರ ಪ್ರಹ್ಲಾದರಾವ್ ಪಾಠವನ್ನು ತಿದ್ದಿ ಮುಗಿಸಿದ. ಅದರಲ್ಲಿ ಈಗ ಗೇಟು ಇದೆ, ವಾಚ್‌ಮನ್ ಇದ್ದಾನೆ. ಸಹಿ ಹಾಕುವವರು ಇಲ್ಲ. ಶನಿವಾರ ಆಫೀಸಿನಿಂದ ಮೊದಲು ದವಾಖಾನೆಗೆ, ಆಮೇಲೆ ಗೇಟಿಗೆ ಹೇಳಿಕಳಿಸಿದರು.

ಅಂಜನಮ್ಮನ ವಿಚಾರಣೆ ಸೋಮವಾರ ಬೆಳಗ್ಗೆ ಹತ್ತಕ್ಕೆ. ನರಸಿಂಹಯ್ಯನದು ಹನ್ನೊಂದಕ್ಕೆ. ಆ ದಿನ ಗೇಟಿಗೆ ಬೇರೆಯವನನ್ನು ಹಾಕಿದ್ದಾರೆ.